ಟೂಲ್ ಸರಿಯಿದ್ದರೂ ಏಜೆಂಟ್ ತಪ್ಪಿದಾಗ: ವಿವರಣೆಯೊಳಗಿನ ದೋಷವನ್ನು ಪತ್ತೆ ಹಚ್ಚುವ ಬಗೆ

ಮಂಡ್ಯದ ಒಂದು ರೈತ ಉತ್ಪಾದಕರ ಸಂಘಕ್ಕಾಗಿ ನಾನು ಕಟ್ಟಿಕೊಟ್ಟಿರುವ ಎ.ಐ. ಏಜೆಂಟ್, ಸದಸ್ಯರು ಮೊಬೈಲಿನಲ್ಲಿ ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ. ಕನ್ನಂಬಾಡಿ ಕಟ್ಟೆಯ ನೀರಿನ ಸ್ಥಿತಿ, ಬೆಲ್ಲ ಮತ್ತು ಭತ್ತದ ದರ, ಜಮೀನಿನ ಅಳತೆಗೆ ತಕ್ಕ ಬಿತ್ತನೆ ಬೀಜದ ಲೆಕ್ಕ, ಗೋದಾಮಿನ ದಾಸ್ತಾನು, ಇವುಗಳಿಗೆ ಒಂದೊಂದು ಟೂಲ್, ಅಂದರೆ ಏಜೆಂಟ್ ಬೇಕಾದಾಗ ಬಳಸುವ ಚಿಕ್ಕ ಪ್ರೋಗ್ರಾಂ, ಇದೆ. ಕಳೆದ ಮುಂಗಾರಿನಲ್ಲಿ ಬೀಜ ವಿತರಿಸುವ ಗುಮಾಸ್ತರು ಫೋನ್ ಮಾಡಿ, "ಎರಡೂವರೆ ಎಕರೆಗೆ ಐವತ್ಮೂರ್ ಕೆಜಿ ಅಂತ ಬರ್ತೈತಲ್ಲ ಸಾರ್, ಎಲ್ಲೋ ಲೆಕ್ಕ ತಪ್ಪೈತೆ ನೋಡಿ" ಎಂದರು. ಎರಡು ದಿನ ಕೋಡಿನಲ್ಲಿ ತಪ್ಪು ಹುಡುಕಿದೆ. ಕೋಡ್ ನಾನು ಬರೆದಂತೆಯೇ ನಡೆಯುತ್ತಿತ್ತು. ಏಜೆಂಟಿನೊಳಗೆ ಉತ್ತರ ಬರೆಯುವ ಭಾಷಾ ಮಾಡೆಲನ್ನು ಬದಲಿಸಿ ನೋಡಿದೆ, ಉತ್ತರ ಬದಲಾಗಲಿಲ್ಲ. ದೋಷವಿದ್ದದ್ದು ಟೂಲಿನ ಜೊತೆಗೆ ನಾನೇ ಬರೆದಿಟ್ಟಿದ್ದ ಒಂದೇ ಸಾಲಿನ ವಿವರಣೆಯಲ್ಲಿ. ಅಂಥ ದೋಷಗಳನ್ನು ಗುರುತಿಸುವ ಕ್ರಮವನ್ನು, ಆ ಏಜೆಂಟಿನಲ್ಲಿ ನಾನು ಕಂಡ ಪ್ರಸಂಗಗಳನ್ನೇ ಮುಂದಿಟ್ಟುಕೊಂಡು, ಇಲ್ಲಿ ಬರೆಯುತ್ತಿದ್ದೇನೆ.

ಟೂಲಿನ ವಿಷಯದಲ್ಲಿ ಮಾಡೆಲಿಗೆ ಕಾಣುವುದು ಮೂರೇ ಸಂಗತಿ: ಅದರ ಹೆಸರು, ಅದರ ವಿವರಣೆ ಮತ್ತು ಅದು ಯಾವ ಇನ್‌ಪುಟ್ ಬಯಸುತ್ತದೆ ಎಂದು ತಿಳಿಸುವ ಸ್ಕೀಮಾ. ಟೂಲಿನ ಒಳಗಿನ ಕೋಡ್, ಕೋಡಿನ ಪಕ್ಕದಲ್ಲಿ ನಾವು ಬರೆದುಕೊಂಡ ಟಿಪ್ಪಣಿ, ಡೇಟಾಬೇಸಿನ ಕಾಲಂಗಳು, ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿರುವ ರೂಢಿ, ಇವು ಯಾವುವೂ ಅದಕ್ಕೆ ಕಾಣುವುದಿಲ್ಲ. ಮಾಡೆಲ್ ಟೂಲನ್ನು ತಾನೇ ಓಡಿಸುವುದೂ ಇಲ್ಲ. ಯಾವ ಟೂಲನ್ನು ಯಾವ ಇನ್‌ಪುಟ್ ಕೊಟ್ಟು ಕರೆಯಬೇಕು ಎಂಬುದನ್ನು ಜೇಸನ್ (ಪ್ರೋಗ್ರಾಂಗಳು ಓದಬಲ್ಲ ಒಂದು ಪಠ್ಯ ವಿನ್ಯಾಸ) ರೂಪದಲ್ಲಿ ಬರೆದುಕೊಡುತ್ತದೆ, ನಮ್ಮ ಪ್ರೋಗ್ರಾಂ ಅದನ್ನು ಓಡಿಸಿ ಫಲಿತಾಂಶವನ್ನು ಮರಳಿಸುತ್ತದೆ, ಆ ಫಲಿತಾಂಶವನ್ನು ಓದಿಕೊಂಡು ಮಾಡೆಲ್ ಉತ್ತರ ಬರೆಯುತ್ತದೆ. 2023ರ ಜೂನ್‌ನಲ್ಲಿ ಓಪನ್‌ಎಐ ತನ್ನ ಎಪಿಐಗೆ (ಬೇರೆ ಪ್ರೋಗ್ರಾಂಗಳು ಮಾಡೆಲನ್ನು ಬಳಸುವ ದ್ವಾರ) ಫಂಕ್ಷನ್ ಕಾಲಿಂಗ್ ಎಂಬ ಈ ಟೂಲ್ ಕರೆಯುವ ಸೌಲಭ್ಯ ಸೇರಿಸಿದಾಗಲೂ, 2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್, ಟೂಲುಗಳನ್ನು ಮಾಡೆಲಿಗೆ ಜೋಡಿಸುವ ಸಾಮಾನ್ಯ ನಿಯಮಾವಳಿಯಾದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಪ್ರಕಟಿಸಿದಾಗಲೂ ಈ ಮೂಲ ಏರ್ಪಾಡು ಇದೇ ಆಗಿತ್ತು.

ಮೊದಲು ಲಾಗ್ ತೆರೆಯಿರಿ

ಉತ್ತರ ತಪ್ಪಾಗಿದೆ ಎಂದು ಗೊತ್ತಾದ ಕೂಡಲೇ ವಿವರಣೆಯನ್ನು ತಿದ್ದಲು ಕೈ ಹಾಕಬೇಡಿ. ಆ ಒಂದು ಪ್ರಶ್ನೆಗೆ ಸಂಬಂಧಿಸಿದಂತೆ ಮಾಡೆಲಿಗೆ ಹೋದ ಪೂರ್ತಿ ಪಠ್ಯ, ಮಾಡೆಲ್ ಬರೆದ ಕರೆ, ಟೂಲ್ ಮರಳಿಸಿದ ಫಲಿತಾಂಶ ಮತ್ತು ಕೊನೆಯ ಉತ್ತರ, ಈ ನಾಲ್ಕನ್ನೂ ಲಾಗಿನಿಂದ, ಅಂದರೆ ಏಜೆಂಟ್ ನಡೆಸಿದ್ದರ ದಾಖಲೆಯಿಂದ, ಅಕ್ಷರ ಬಿಡದೆ ಒಂದೆಡೆ ಇಟ್ಟುಕೊಳ್ಳಿ. ಬಹಳಷ್ಟು ಕಡೆ ಪ್ರಶ್ನೆ ಮತ್ತು ಉತ್ತರಗಳನ್ನು ಮಾತ್ರ ಉಳಿಸಿ ನಡುವಿನ ಎರಡನ್ನು ಕೈಬಿಟ್ಟಿರುತ್ತಾರೆ; ನನ್ನ ಲಾಗ್ ಕೂಡ ಹಾಗೆಯೇ ಇದ್ದುದರಿಂದ ಆ ಎರಡು ದಿನ ಹಾಳಾದವು.

ನಾಲ್ಕೂ ಕೈಗೆ ಬಂದ ಮೇಲೆ, ಕರೆಯಲ್ಲಿದ್ದ ಇನ್‌ಪುಟ್ ಅನ್ನೇ ತೆಗೆದುಕೊಂಡು ಟೂಲನ್ನು ನೀವೇ ಕೈಯಾರೆ ಓಡಿಸಿ. ಇನ್‌ಪುಟ್ ಸರಿಯಿದ್ದು ಫಲಿತಾಂಶ ತಪ್ಪಿದ್ದರೆ ದೋಷ ಕೋಡಿನದು, ಈ ಬರಹ ನಿಮಗೆ ಬೇಕಿಲ್ಲ. ಫಲಿತಾಂಶ ಸರಿಯಿದ್ದು ಉತ್ತರ ತಪ್ಪಿದ್ದರೆ, ಫಲಿತಾಂಶವನ್ನು ಬರೆದಿರುವ ರೀತಿಯಲ್ಲಿ ಗೊಂದಲವಿದೆ. ಇನ್‌ಪುಟ್ಟೇ ತಪ್ಪಿದ್ದರೆ, ಬೇರೆ ಟೂಲನ್ನು ಕರೆದಿದ್ದರೆ, ಅಥವಾ ಯಾವ ಟೂಲನ್ನೂ ಕರೆಯದೆ ಮಾಡೆಲ್ ತನ್ನಷ್ಟಕ್ಕೆ ಉತ್ತರ ಬರೆದಿದ್ದರೆ, ಆಗ ವಿವರಣೆಯನ್ನು ಮತ್ತು ಸ್ಕೀಮಾವನ್ನು ಎದುರಿಗಿಟ್ಟುಕೊಂಡು ಕೂರಬೇಕು.

2.5 ಎಕರೆ ಎಂದರೆ ಎಷ್ಟು

ಬೀಜದ ಲೆಕ್ಕದ ಟೂಲಿಗೆ ನಾನು ಬರೆದಿದ್ದ ವಿವರಣೆ ಇಷ್ಟೇ: "ಜಮೀನಿನ ವಿಸ್ತೀರ್ಣ ಕೊಟ್ಟರೆ ಬೇಕಾದ ಬಿತ್ತನೆ ಭತ್ತದ ಪ್ರಮಾಣ ತಿಳಿಸುತ್ತದೆ." ಸ್ಕೀಮಾದಲ್ಲಿ ಒಂದೇ ಇನ್‌ಪುಟ್ ಇತ್ತು: ವಿಸ್ತೀರ್ಣ, ಅದು ಸಂಖ್ಯೆ.

ನಮ್ಮ ಕಡೆ ಪಹಣಿಯಲ್ಲಿ ವಿಸ್ತೀರ್ಣವನ್ನು ಎಕರೆ ಮತ್ತು ಗುಂಟೆಯಲ್ಲಿ ಬರೆಯುತ್ತಾರೆ. 40 ಗುಂಟೆಗೆ ಒಂದು ಎಕರೆ. ಎರಡು ಎಕರೆ ಇಪ್ಪತ್ತು ಗುಂಟೆಯನ್ನು ಲೆಕ್ಕದ ಪುಸ್ತಕದಲ್ಲಿ 2.20 ಎಂದು ಬರೆಯುವುದು ರೂಢಿ, ಆ ಚುಕ್ಕಿ ದಶಮಾಂಶದ ಚುಕ್ಕಿಯಲ್ಲ. ಸಂಘದ ಸದಸ್ಯರ ಪಟ್ಟಿಯೂ ಹಾಗೆಯೇ ಇದ್ದುದರಿಂದ, ಚುಕ್ಕಿಯ ಹಿಂದಿನದು ಎಕರೆ, ಮುಂದಿನದು ಗುಂಟೆ ಎಂದು ಓದಿಕೊಳ್ಳುವಂತೆ ಕೋಡ್ ಬರೆದಿದ್ದೆ. ರೈತರು "ಎರಡೂವರೆ ಎಕರೆ" ಎಂದರು. ಮಾಡೆಲ್ 2.5 ಎಂದು ಬರೆಯಿತು. ವಿವರಣೆಯನ್ನಷ್ಟೇ ಓದಿದವರು ಯಾರಾದರೂ ಹಾಗೆಯೇ ಬರೆಯುತ್ತಿದ್ದರು. ಕೋಡ್ ಅದನ್ನು 2 ಎಕರೆ 5 ಗುಂಟೆ ಎಂದು ಓದಿತು. 100 ಗುಂಟೆಯ ಗದ್ದೆ 85 ಗುಂಟೆಯಾಯಿತು. ಎಕರೆಗೆ 25 ಕಿಲೋದಂತೆ 62.5 ಕಿಲೋ ಬೀಜ ಬರಬೇಕಾದಲ್ಲಿ 53 ಕಿಲೋ ಚಿಲ್ಲರೆ ಬಂತು. ಆ ಬೀಜವನ್ನೇ ಒಯ್ದು ಒಟ್ಟಲು (ಸಸಿಮಡಿ) ಹಾಕಿದ್ದರೆ ಗದ್ದೆಯ ಕೊನೆಯ ಮೂಲೆಗೆ ಬರುವ ಹೊತ್ತಿಗೆ ಪೈರು ಸಾಲುತ್ತಿರಲಿಲ್ಲ.

ಇದಕ್ಕೆ ನಾನು ಮಾಡಿದ ಮೊದಲ ತಿದ್ದುಪಡಿ ದೋಷವನ್ನು ಹೆಚ್ಚಿಸಿತು, ಆದ್ದರಿಂದ ಅದನ್ನೂ ಹೇಳಬೇಕು. "ಚುಕ್ಕಿಯ ಮುಂದಿನದು ಗುಂಟೆ" ಎಂಬ ಒಂದು ವಾಕ್ಯವನ್ನು ವಿವರಣೆಗೆ ಸೇರಿಸಿದೆ. ಮಾಡೆಲ್ ಅದನ್ನು ಸರಿಯಾಗಿ ಪಾಲಿಸಿ 2.20 ಎಂದು ಕಳುಹಿಸಿತು. ಆದರೆ ಸ್ಕೀಮಾದ ಪ್ರಕಾರ ಅದು ಸಂಖ್ಯೆ, ಸಂಖ್ಯೆಯಾಗಿ 2.20 ಮತ್ತು 2.2 ಎರಡೂ ಒಂದೇ. ಕೋಡಿಗೆ ತಲುಪುವಷ್ಟರಲ್ಲಿ ಕೊನೆಯ ಸೊನ್ನೆ ಹೋಗಿ, 2 ಎಕರೆ 20 ಗುಂಟೆಯು 2 ಎಕರೆ 2 ಗುಂಟೆಯಾಯಿತು, ಬೀಜ 51 ಕಿಲೋಗೆ ಇಳಿಯಿತು. ಮೌಲ್ಯವನ್ನು ಹಿಡಿದಿಡಲಾರದ ಸ್ಕೀಮಾದ ಮೇಲೆ ಎಷ್ಟು ಒಳ್ಳೆಯ ವಿವರಣೆ ಬರೆದರೂ ಅದು ನಿಲ್ಲುವುದಿಲ್ಲ. ಇನ್‌ಪುಟ್ಟನ್ನು ಎಕರೆ, ಗುಂಟೆ ಎಂದು ಎರಡು ಪೂರ್ಣಾಂಕಗಳಾಗಿ ಒಡೆದು, ಗುಂಟೆಗೆ ಕನಿಷ್ಠ 0, ಗರಿಷ್ಠ 39 ಎಂಬ ಮಿತಿಯನ್ನು ಸ್ಕೀಮಾದಲ್ಲೇ ಹಾಕಿ, ವಿವರಣೆಯನ್ನು ಹೊಸದಾಗಿ ಹೀಗೆ ಬರೆದೆ:

"ನಾಟಿ ಮಾಡುವ ಭತ್ತಕ್ಕೆ ಬೇಕಾದ ಬಿತ್ತನೆ ಬೀಜದ ತೂಕವನ್ನು ಕಿಲೋಗ್ರಾಂನಲ್ಲಿ ಲೆಕ್ಕ ಹಾಕುತ್ತದೆ. ರೈತರು ಗದ್ದೆಯ ಅಳತೆ ಹೇಳಿ ಎಷ್ಟು ಬೀಜ ಬೇಕೆಂದು ಕೇಳಿದಾಗ ಬಳಸಬೇಕು. ರಾಗಿ, ಕಬ್ಬಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಬೀಜ ಗೋದಾಮಿನಲ್ಲಿ ಇದೆಯೇ ಎಂಬುದನ್ನು ಇದು ತಿಳಿಸುವುದಿಲ್ಲ. ಅದಕ್ಕೆ ದಾಸ್ತಾನು ಟೂಲ್ ಇದೆ. ಎಕರೆ ಎಂಬಲ್ಲಿ ಪೂರ್ಣ ಎಕರೆಗಳನ್ನೂ ಗುಂಟೆ ಎಂಬಲ್ಲಿ ಉಳಿದ ಗುಂಟೆಗಳನ್ನೂ ಕೊಡಬೇಕು. 40 ಗುಂಟೆಗೆ 1 ಎಕರೆ. ‘ಎರಡೂವರೆ ಎಕರೆ’ ಎಂದರೆ ಎಕರೆ 2, ಗುಂಟೆ 20. ‘ಮುಕ್ಕಾಲು ಎಕರೆ’ ಎಂದರೆ ಎಕರೆ 0, ಗುಂಟೆ 30. ರೈತರು 2.20 ಎಂದು ಅಂಕಿಯಲ್ಲಿ ಬರೆದಿದ್ದರೆ ಅದು 2 ಎಕರೆ 20 ಗುಂಟೆ. 2.5 ಎಂದು ಬರೆದಿದ್ದರೆ, ಎರಡೂವರೆ ಎಕರೆಯೋ 2 ಎಕರೆ 5 ಗುಂಟೆಯೋ ಎಂದು ಅವರನ್ನೇ ಕೇಳಿ ತಿಳಿದುಕೊಂಡ ಮೇಲೆ ಕರೆಯಬೇಕು."

ವಿವರಣೆ ಉದ್ದವಾಯಿತು ಎಂದು ಕೆಲವರಿಗೆ ಅನ್ನಿಸಬಹುದು. ಇದರಲ್ಲಿ ಯಾವ ವಾಕ್ಯವನ್ನು ತೆಗೆದರೂ ಒಂದು ನಿರ್ದಿಷ್ಟ ತಪ್ಪು ಮರಳಿ ಬರುತ್ತದೆ ಎಂಬುದನ್ನು ತೆಗೆದು ನೋಡಿಯೇ ಖಚಿತಪಡಿಸಿಕೊಂಡಿದ್ದೇನೆ. ಫಲಿತಾಂಶದಲ್ಲೂ ಬರಿಯ ತೂಕದ ಬದಲು "2 ಎಕರೆ 20 ಗುಂಟೆಗೆ 62.5 ಕಿಲೋಗ್ರಾಂ" ಎಂದು ಬರುವಂತೆ ಮಾಡಿದ್ದೇನೆ, ಅಳತೆ ಉತ್ತರದಲ್ಲಿ ಕಾಣುತ್ತಿದ್ದರೆ ತಪ್ಪಾದಾಗ ರೈತರೇ ಹಿಡಿಯುತ್ತಾರೆ.

ಇಷ್ಟು ಮುಖ್ಯವಾದ ವಿಷಯವನ್ನು ಮೊದಲೇ ಏಕೆ ಬರೆಯಲಿಲ್ಲ ಎಂದು ಯೋಚಿಸಿದಾಗ ಸಿಕ್ಕ ಕಾರಣ ಸರಳವಾದುದು: ಮಂಡ್ಯ ಸೀಮೆಯಲ್ಲಿ ಬೆಳೆದವರಿಗೆ ಎಕರೆ ಗುಂಟೆಯ ಲೆಕ್ಕವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹೇಳಬೇಕೆಂದು ತೋಚದೇ ಇರುವ ಜಾಗದಲ್ಲೇ ಈ ಬಗೆಯ ದೋಷ ಕುಳಿತಿರುತ್ತದೆ, ಹಾಗಾಗಿ ಬರೆದವರ ಕಣ್ಣಿಗೆ ಅದು ಬೀಳುವುದು ಕಷ್ಟ. ಈಗ ನಾನು ಹೊಸ ಟೂಲಿನ ಹೆಸರು, ವಿವರಣೆ, ಸ್ಕೀಮಾ ಮೂರನ್ನು ಮಾತ್ರ ಒಂದು ಹಾಳೆಯಲ್ಲಿ ಬರೆದು, ಮೈಸೂರಿನಲ್ಲಿರುವ, ಬೇಸಾಯದ ಸಂಪರ್ಕವಿಲ್ಲದ ಗೆಳೆಯರೊಬ್ಬರಿಗೆ ಕಳುಹಿಸಿ, ರೈತರ ಐದಾರು ಪ್ರಶ್ನೆಗಳಿಗೆ ಇನ್‌ಪುಟ್ ತುಂಬಿಕೊಡುವಂತೆ ಕೇಳುತ್ತೇನೆ. ಅವರು ತಿರುಗಿ ನನ್ನನ್ನು ಏನು ಕೇಳುತ್ತಾರೋ ಅದರ ಉತ್ತರ ವಿವರಣೆಗೆ ಸೇರಬೇಕು.

ಅಂಕಿ ಸರಿ, ಉತ್ತರ ತಪ್ಪು

ಕಟ್ಟೆ ತುಂಬಿದ್ದ ದಿನ ಒಬ್ಬರು "ಕಟ್ಟೇಲಿ ಎಷ್ಟ್ ನೀರೈತೆ?" ಎಂದು ಕೇಳಿದ್ದಕ್ಕೆ ಏಜೆಂಟ್ "49 ಅಡಿ" ಎಂದು ಹೇಳಿತು. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ, ಆ ಮಟ್ಟದಲ್ಲಿ ಅದರ ಸಂಗ್ರಹ 49.452 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಟೂಲ್ ಮಟ್ಟ, ಸಂಗ್ರಹ, ಒಳಹರಿವು, ಹೊರಹರಿವುಗಳನ್ನು ಬರಿಯ ನಾಲ್ಕು ಅಂಕಿಗಳಾಗಿ ಸಾಲಾಗಿ ಮರಳಿಸುತ್ತಿತ್ತು, ಯಾವುದು ಯಾವುದೆಂಬುದು ನನಗೆ ಮಾತ್ರ ಗೊತ್ತಿತ್ತು. ನೀರು ಎಷ್ಟಿದೆ ಎಂಬ ಪ್ರಶ್ನೆಗೆ ಮಾಡೆಲ್ ಸಂಗ್ರಹದ ಅಂಕಿಯನ್ನು ಆರಿಸಿಕೊಂಡು, ಜಲಾಶಯದ ಸುದ್ದಿಗಳಲ್ಲಿ ಸಾಮಾನ್ಯವಾಗಿ ಬರುವ "ಅಡಿ" ಎಂಬ ಮಾನವನ್ನು ಅದಕ್ಕೆ ಜೋಡಿಸಿತು.

ಪ್ರತಿ ಅಂಕಿಯ ಜೊತೆಗೆ ಅದರ ಹೆಸರು, ಅದರ ಮಾನ, ಯಾವ ದಿನ ಎಷ್ಟು ಗಂಟೆಗೆ ಅಳೆದದ್ದು ಎಂಬುದು ಫಲಿತಾಂಶದಲ್ಲೇ ಇರಬೇಕು. ಲೆಕ್ಕವನ್ನೂ ಮಾಡೆಲಿಗೆ ಬಿಡದೆ ಟೂಲೇ ಮಾಡಿಕೊಡುವುದು ಒಳ್ಳೆಯದು. ಕ್ಯೂಸೆಕ್ ಎಂಬುದು ಸೆಕೆಂಡಿಗೆ ಎಷ್ಟು ಘನ ಅಡಿ ನೀರು ಹರಿಯುತ್ತದೆ ಎಂಬ ವೇಗದ ಅಳತೆ, ಟಿಎಂಸಿ ಎಂಬುದು ಮೊತ್ತದ ಅಳತೆ. 10,000 ಕ್ಯೂಸೆಕ್ ಒಳಹರಿವು ಇಡೀ 24 ಗಂಟೆ ಅದೇ ಪ್ರಮಾಣದಲ್ಲಿ ಬಂದರೆ 86.4 ಕೋಟಿ ಘನ ಅಡಿ, ಅಂದರೆ 0.864 ಟಿಎಂಸಿ ಆಗುತ್ತದೆ. "ಒಂದು ದಿನಕ್ಕೆ ಎಷ್ಟು ತುಂಬುತ್ತದೆ" ಎಂದು ಕೇಳುವವರು ಬಹಳ, ಆದ್ದರಿಂದ ಈ ಗುಣಾಕಾರ ಈಗ ಟೂಲಿನ ಒಳಗಿದೆ.

ಇದಕ್ಕಿಂತ ಗಂಭೀರವಾದ ತಪ್ಪು ಇನ್ನೊಂದಿತ್ತು. "ನಾಲೆಗೆ ನೀರು ಬಿಟ್ಟವ್ರಾ?" ಎಂದು ರೈತರು ಕೇಳಿದಾಗ, ಹೊರಹರಿವು ಇದೆ ಎಂಬ ಅಂಕಿಯನ್ನು ನೋಡಿ ಏಜೆಂಟ್ "ಹೌದು" ಎಂದು ಹೇಳುತ್ತಿತ್ತು. ಟೂಲ್ ಕೊಡುತ್ತಿದ್ದುದು ನದಿಗೂ ನಾಲೆಗಳಿಗೂ ಸೇರಿದ ಒಟ್ಟು ಹೊರಹರಿವು. ವಿಶ್ವೇಶ್ವರಯ್ಯ ನಾಲೆಗೆ ಎಷ್ಟು ಬಿಟ್ಟಿದ್ದಾರೆ, ಇವರ ಊರಿನ ತೂಬಿಗೆ ಯಾವಾಗ ತಲುಪುತ್ತದೆ ಎಂಬುದನ್ನು ಅದು ಹೇಳಲಾರದು. ನೀರು ಬರುತ್ತದೆ ಎಂದು ನಂಬಿ ಒಟ್ಟಲು ಹಾಕಿದವರ ನಷ್ಟಕ್ಕೆ ಯಾರು ಹೊಣೆ? ವಿವರಣೆಯಲ್ಲಿ ಈಗ "ನಾಲೆಗೆ ನೀರು ಬಿಟ್ಟಿರುವ ಮಾಹಿತಿ ಇದರಲ್ಲಿ ಇಲ್ಲ, ಹೊರಹರಿವಿನಿಂದ ಅದನ್ನು ಊಹಿಸಬಾರದು, ಆ ಪ್ರಶ್ನೆಗೆ ನೀರಾವರಿ ಇಲಾಖೆಯ ಪ್ರಕಟಣೆ ನೋಡುವಂತೆ ತಿಳಿಸಬೇಕು" ಎಂಬ ವಾಕ್ಯವಿದೆ. ಟೂಲಿಗೆ ಏನು ಗೊತ್ತಿಲ್ಲ ಎಂಬುದನ್ನು ಬರೆಯುವ ಅಭ್ಯಾಸ ನಮ್ಮಲ್ಲಿ ಕಡಿಮೆ, ಆದರೆ ನನ್ನ ಅನುಭವದಲ್ಲಿ ಅತಿ ಹೆಚ್ಚು ತಪ್ಪುಗಳನ್ನು ತಡೆದದ್ದು ಅಂಥ ವಾಕ್ಯಗಳೇ.

ಒಂದೇ ಮಾತು ಹೇಳುವ ಎರಡು ಟೂಲ್

ಒಂದು ಟೂಲಿನ ವಿವರಣೆ "ಬೆಳೆಯ ಬೆಲೆ ತಿಳಿಸುತ್ತದೆ" ಎಂದಿತ್ತು, ಇನ್ನೊಂದರದ್ದು "ಬೆಳೆಯ ದರ ತಿಳಿಸುತ್ತದೆ" ಎಂದಿತ್ತು. ಮೊದಲನೆಯದು ಎಪಿಎಂಸಿಯ ಆ ದಿನದ ಧಾರಣೆ, ಎರಡನೆಯದು ಸರ್ಕಾರದ ಬೆಂಬಲ ಬೆಲೆ. ಭತ್ತದ ರೇಟು ಕೇಳಿದವರಿಗೆ ಒಮ್ಮೆ ಧಾರಣೆ, ಇನ್ನೊಮ್ಮೆ 2025-26ರ ಸಾಮಾನ್ಯ ಭತ್ತದ ಬೆಂಬಲ ಬೆಲೆಯಾದ ಕ್ವಿಂಟಲ್‌ಗೆ 2,369 ರೂಪಾಯಿ ಬರುತ್ತಿತ್ತು. ಇಂಥ ಗೊಂದಲವನ್ನು ಪತ್ತೆ ಮಾಡಲು ಟೂಲುಗಳ ಹೆಸರು ಮುಚ್ಚಿಟ್ಟು ವಿವರಣೆಗಳನ್ನಷ್ಟೇ ಓದಿ, ಹತ್ತು ಪ್ರಶ್ನೆಗಳಲ್ಲಿ ಯಾವುದು ಯಾವ ಟೂಲಿಗೆ ಹೋಗಬೇಕೆಂದು ನೀವೇ ಗುರುತು ಹಾಕಿ ನೋಡಿ. ನಿಮಗೇ ಸಂದೇಹ ಬಂದ ಕಡೆ ಮಾಡೆಲ್ ಖಂಡಿತ ಎಡವುತ್ತದೆ. ವಿವರಣೆಗಳಲ್ಲಿ ಒಂದು ಇನ್ನೊಂದನ್ನು ಹೆಸರಿಸಿ, "ಬೆಂಬಲ ಬೆಲೆಗಾಗಿ ಇದನ್ನಲ್ಲ, ಅದನ್ನು ಕರೆಯಬೇಕು" ಎಂದು ಗಡಿ ಹಾಕಬೇಕು. ಗಡಿ ಹಾಕಲು ಆಗುತ್ತಿಲ್ಲವೆಂದರೆ ಎರಡನ್ನೂ ಸೇರಿಸಿ ಒಂದೇ ಟೂಲ್ ಮಾಡುವುದು ಲೇಸು.

ಇಲ್ಲಿಯೂ ಮಾನದ ತೊಡಕು ಬಂತು. ಕಬ್ಬಿಗೆ ಕಾರ್ಖಾನೆಗಳು ಕೊಡಬೇಕಾದ ಕನಿಷ್ಠ ಬೆಲೆಯಾದ ಎಫ್‌ಆರ್‌ಪಿಯನ್ನು ಕೇಂದ್ರ ಸರ್ಕಾರ ಕ್ವಿಂಟಲ್ ಲೆಕ್ಕದಲ್ಲಿ ಪ್ರಕಟಿಸುತ್ತದೆ, 2025-26ಕ್ಕೆ ಶೇ. 10.25 ಸಕ್ಕರೆ ಇಳುವರಿಗೆ 355 ರೂಪಾಯಿ. ನಮ್ಮ ಬೆಳೆಗಾರರು ಮಾತಾಡುವುದು ಟನ್ನಿನ ಲೆಕ್ಕದಲ್ಲಿ, 3,550. ಇವೆರಡನ್ನೂ ಫಲಿತಾಂಶದಲ್ಲಿ ಕೊಡುವುದರಿಂದ ತಕರಾರು ನಿಂತಿತು. ಆಯ್ಕೆಗಳು ಗೊತ್ತಿರುವ ಕಡೆ ಸ್ಕೀಮಾದಲ್ಲಿ ಎನಮ್, ಅಂದರೆ ಇವುಗಳಲ್ಲೇ ಒಂದನ್ನು ಆರಿಸಬೇಕೆಂಬ ಪಟ್ಟಿ, ಕೊಡಿ: ಬೆಲ್ಲಕ್ಕೆ ಅಚ್ಚು, ಬಕೆಟ್, ಬಾಕ್ಸ್, ಕುರಿಕಟ್ಟು, ತಾಲ್ಲೂಕಿಗೆ ಮಂಡ್ಯ ಜಿಲ್ಲೆಯ ಏಳು ಹೆಸರು. ಪಟ್ಟಿ ಇಲ್ಲದಿದ್ದಾಗ ಮಂಡ್ಯ ಜಿಲ್ಲೆಯ ಕೆ.ಆರ್. ಪೇಟೆಯ ಬದಲು ಮೈಸೂರು ಜಿಲ್ಲೆಯ ಕೆ.ಆರ್. ನಗರ ಇನ್‌ಪುಟ್ ಆಗಿ ಬಂದದ್ದನ್ನು ನೋಡಿದ್ದೇನೆ.

ಕರೆಯದಿರುವುದು ಮತ್ತು ಅತಿಯಾಗಿ ಕರೆಯುವುದು

ಮಾಡೆಲ್ ಟೂಲನ್ನು ಕರೆಯದೆ ಸ್ವಂತ ಉತ್ತರ ಬರೆಯುತ್ತಿದ್ದರೆ, ರೈತರು ಬಳಸುವ ಪದ ವಿವರಣೆಯಲ್ಲಿ ಇದೆಯೇ ನೋಡಿ. "ಜಲಾಶಯ" ಎಂದು ನಾವು ಬರೆದಿರುತ್ತೇವೆ, ಅವರು ಕಟ್ಟೆ, ಕನ್ನಂಬಾಡಿ, ಕೆಆರ್‌ಎಸ್ ಎನ್ನುತ್ತಾರೆ. ಮೂರನ್ನೂ ವಿವರಣೆಯಲ್ಲಿ ಬರೆದರೆ ಸಾಕು. ದಿನಾಂಕ ಕೇಳುವ ಟೂಲ್ ಇದ್ದರೆ ಇಂದಿನ ದಿನಾಂಕವನ್ನು ಪ್ರಾಂಪ್ಟಿನಲ್ಲಿ (ಮಾಡೆಲಿಗೆ ಮೊದಲೇ ಕೊಡುವ ಸೂಚನೆಯಲ್ಲಿ) ಕೊಟ್ಟಿದ್ದೀರಾ ಎಂಬುದನ್ನೂ ನೋಡಬೇಕು, ಮಾಡೆಲಿಗೆ ಅದು ತಾನಾಗಿ ತಿಳಿಯುವುದಿಲ್ಲ. ಇದಕ್ಕೆ ವಿರುದ್ಧವಾಗಿ, ನಮಸ್ಕಾರ ಎಂದವರಿಗೂ ದಾಸ್ತಾನು ಟೂಲ್ ಓಡುತ್ತಿದ್ದರೆ, ಹಿಂದೆ ಎಂದೋ ಸಿಟ್ಟಿನಲ್ಲಿ ಬರೆದ "ಯಾವಾಗಲೂ", "ತಪ್ಪದೆ" ಎಂಬ ಮಾತುಗಳು ವಿವರಣೆಯಲ್ಲಿ ಉಳಿದಿರುವ ಸಾಧ್ಯತೆ ಹೆಚ್ಚು. ಯಾವ ಸಂದರ್ಭದಲ್ಲಿ ಬಳಸಬೇಕೆಂದು ಸಮಾಧಾನವಾಗಿ ಹೇಳುವ ಒಂದು ವಾಕ್ಯ ಅವುಗಳ ಜಾಗಕ್ಕೆ ಬರಲಿ.

ಎರರ್ ಸಂದೇಶದಲ್ಲಿ ದಾರಿ ಇರಲಿ

ಏಜೆಂಟ್ ಒಂದೇ ತಪ್ಪು ಇನ್‌ಪುಟ್‌ನಿಂದ ಒಂದೇ ಟೂಲನ್ನು ಮತ್ತೆ ಮತ್ತೆ ಕರೆಯುತ್ತಿದ್ದರೆ, ಟೂಲ್ ಮರಳಿಸಿದ ಎರರ್ ಸಂದೇಶವನ್ನು ಓದಿ. "ಎರರ್ 400" ಎಂಬುದರಿಂದ ಮುಂದೇನು ಮಾಡಬೇಕೆಂದು ಯಾರಿಗೂ ತಿಳಿಯದು. "ಗುಂಟೆ 0ರಿಂದ 39ರ ಒಳಗಿರಬೇಕು, 50 ಎಂದು ಬಂದಿದೆ, 50 ಗುಂಟೆ ಎಂದರೆ 1 ಎಕರೆ 10 ಗುಂಟೆ" ಎಂದು ಮರಳಿಸಿದ ಮೇಲೆ, ಎರಡನೆಯ ಕರೆ ಸರಿಯಾಗಿ ಬರತೊಡಗಿತು. ದಾಖಲೆ ಸಿಗಲಿಲ್ಲ ಎಂಬುದನ್ನೂ ಸರ್ವರ್ ಕೆಟ್ಟಿದೆ ಎಂಬುದನ್ನೂ ಬೇರೆಬೇರೆಯಾಗಿ ಹೇಳಬೇಕು; ಎರಡಕ್ಕೂ ಖಾಲಿ ಫಲಿತಾಂಶ ಕೊಟ್ಟರೆ, ಸರ್ವರ್ ನಿಂತಿದ್ದಾಗ ಏಜೆಂಟ್ "ಗೋದಾಮಿನಲ್ಲಿ ಬೀಜ ಇಲ್ಲ" ಎಂದು ಹೇಳಿ ರೈತರನ್ನು ಬೇರೆ ಅಂಗಡಿಗೆ ಕಳುಹಿಸುತ್ತದೆ.

ವಿವರಣೆಗೆ ವಹಿಸಬಾರದ ಕೆಲಸ

ಎಲ್ಲ ಸದಸ್ಯರಿಗೂ ಎಸ್ಸೆಮ್ಮೆಸ್ ಕಳುಹಿಸುವ ಟೂಲ್ ಒಂದಿದೆ. ಅದರ ವಿವರಣೆಯಲ್ಲಿ, ಇದನ್ನು ಕರೆದರೆ ಸಂದೇಶ ನಿಜವಾಗಿಯೂ ಹೋಗುತ್ತದೆ, ಹಿಂದಕ್ಕೆ ಪಡೆಯಲಾಗದು ಎಂದು ಸ್ಪಷ್ಟವಾಗಿ ಬರೆದಿದ್ದೇನೆ, ಆದರೆ ಅದನ್ನೇ ನಂಬಿ ಕುಳಿತಿಲ್ಲ. ಕಾರ್ಯದರ್ಶಿಯವರು ಪರದೆಯ ಮೇಲೆ ಒಪ್ಪಿಗೆ ಒತ್ತುವವರೆಗೆ ಕೋಡ್ ಮುಂದೆ ಹೋಗುವುದಿಲ್ಲ. ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲಿನಲ್ಲಿ ಟೂಲ್ ಮಾಹಿತಿಯನ್ನು ಓದುತ್ತದೆಯಷ್ಟೇ ಅಥವಾ ಅಳಿಸುತ್ತದೆ ಎಂದು ಸೂಚಿಸುವ ಗುರುತುಗಳಿವೆ. ಅವು ಸೂಚನೆಗಳು ಮಾತ್ರ, ತಡೆಗಳಲ್ಲ. ಬೇರೆಯವರ ಸರ್ವರಿನಿಂದ ಬರುವ ಟೂಲುಗಳಾದರೆ ಇನ್ನೂ ಎಚ್ಚರ ಬೇಕು. ಅವರ ವಿವರಣೆ ನೇರವಾಗಿ ನಮ್ಮ ಮಾಡೆಲಿನ ಮುಂದೆ ಹೋಗುತ್ತದೆ, ಅದರಲ್ಲಿ ಬೇಡದ ಆದೇಶ ಸೇರಿಕೊಂಡಿದ್ದರೆ ಮಾಡೆಲ್ ಅದನ್ನೂ ಪಾಲಿಸಬಹುದು, ಮತ್ತು ಅವರು ವಿವರಣೆಯನ್ನು ಬದಲಿಸಿದರೆ ನಮ್ಮ ಕೋಡಿನಲ್ಲಿ ಒಂದು ಅಕ್ಷರವೂ ಬದಲಾಗದೆ ಏಜೆಂಟಿನ ನಡತೆ ಬದಲಾಗುತ್ತದೆ. ನಿನ್ನೆ ಸರಿಯಿದ್ದದ್ದು ಇಂದು ಕೆಟ್ಟಿದ್ದರೆ, ಹೊರಗಿನ ಟೂಲುಗಳ ವಿವರಣೆಯನ್ನು ಹಿಂದೆ ಉಳಿಸಿಟ್ಟ ಪ್ರತಿಯೊಂದಿಗೆ ಹೋಲಿಸಿ ನೋಡಿ.

ತಿದ್ದಿದ ಮೇಲೆ

ಒಂದು ಸಲಕ್ಕೆ ಒಂದೇ ವಾಕ್ಯವನ್ನು ತಿದ್ದಿ. ಮೂರು ಕಡೆ ಒಟ್ಟಿಗೆ ಬದಲಿಸಿ ಉತ್ತರ ಸರಿಹೋದರೆ, ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಒಂದೇ ಪ್ರಶ್ನೆಗೆ ಮಾಡೆಲ್ ಪ್ರತಿಸಲವೂ ಒಂದೇ ಬಗೆಯ ಕರೆ ಬರೆಯುತ್ತದೆಂಬ ಖಾತ್ರಿ ಇಲ್ಲ, ಟೆಂಪರೇಚರ್ (ಉತ್ತರ ಎಷ್ಟು ಬದಲಾಗಬಹುದು ಎಂಬುದನ್ನು ನಿಯಂತ್ರಿಸುವ ಅಂಕಿ) ಸೊನ್ನೆಗೆ ಇಳಿಸಿದರೂ ಇಲ್ಲ. ಆದ್ದರಿಂದ ಒಮ್ಮೆ ಸರಿಯಾದದ್ದನ್ನು ಕಂಡು ನಿಲ್ಲಿಸದೆ, ಅದೇ ಪ್ರಶ್ನೆಯನ್ನು ಹತ್ತು ಸಲವಾದರೂ ಓಡಿಸಿ ಎಷ್ಟು ಸಲ ಸರಿ ಬಂತೆಂದು ಬರೆದಿಟ್ಟುಕೊಳ್ಳಿ. ಒಂದು ಟೂಲಿನ ವಿವರಣೆ ಬದಲಾದರೆ ಪಕ್ಕದ ಟೂಲಿಗೆ ಹೋಗಬೇಕಾದ ಪ್ರಶ್ನೆಗಳೂ ಇತ್ತ ವಾಲಬಹುದು, ಹಾಗಾಗಿ ಉಳಿದ ಟೂಲುಗಳ ಪ್ರಶ್ನೆಗಳನ್ನೂ ಜೊತೆಯಲ್ಲೇ ಪರೀಕ್ಷಿಸಬೇಕು.

ನನ್ನಲ್ಲಿ ಈಗ ಸುಮಾರು ಮೂವತ್ತು ಪ್ರಶ್ನೆಗಳ ಒಂದು ಕಡತವಿದೆ. ಅವೆಲ್ಲವೂ ರೈತರು ನಿಜವಾಗಿ ಕೇಳಿ ತಪ್ಪು ಉತ್ತರ ಪಡೆದ ಪ್ರಶ್ನೆಗಳು, ಅವರ ಮಾತಿನಲ್ಲೇ, ಕಾಗುಣಿತವನ್ನೂ ತಿದ್ದದೆ ಇಟ್ಟಿರುವಂಥವು. ಪ್ರತಿಯೊಂದರ ಮುಂದೆ ಕರೆಯಬೇಕಾದ ಟೂಲ್, ಹೋಗಬೇಕಾದ ಇನ್‌ಪುಟ್, ಆ ತಪ್ಪಿನಿಂದಾಗಿ ವಿವರಣೆಗೆ ಸೇರಿದ ವಾಕ್ಯ ಯಾವುದು ಎಂಬುದು ಇದೆ. ವಿವರಣೆಯನ್ನು ಚಿಕ್ಕದು ಮಾಡಬೇಕೆನ್ನಿಸಿ ಯಾವುದೇ ವಾಕ್ಯವನ್ನು ಅಳಿಸುವ ಮುನ್ನ ಆ ಕಡತದಲ್ಲಿ ಅದರ ಪ್ರಶ್ನೆಯನ್ನು ಹುಡುಕಿ ಓಡಿಸುತ್ತೇನೆ. ಅದರ ಮೊದಲ ಸಾಲಿನಲ್ಲಿರುವುದು ಎರಡೂವರೆ ಎಕರೆಯ ಪ್ರಶ್ನೆ.